ಬೋರ್ಡೋ ದ್ರಾವಣ ತಯಾರಿಸುವಾಗ ಕತ್ತಿ ಅದ್ದಿ ನೋಡುವುದೇಕೆ?

ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದಿಂದ ತಯಾರಿಸುವ ಈ ಶಿಲೀಂಧ್ರನಾಶಕ ದ್ರಾವಣದಲ್ಲಿ ಸುಣ್ಣದೊಂದಿಗೆ ಸೇರದ ತಾಮ್ರ ಉಳಿದಿದೆಯೇ ಎಂಬುದನ್ನು ತಿಳಿಯಲು. ಅಡಿಕೆಯ ಕೊಳೆರೋಗಕ್ಕೆ ಬಳಸುವ ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನೂ 1 ಕಿಲೋ ಒಳ್ಳೆಯ ಸುಣ್ಣವನ್ನೂ ತಲಾ 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಇದನ್ನು ತಿರುಗುಮುರುಗು ಮಾಡಬಾರದು. ಪಾತ್ರೆ ಪ್ಲಾಸ್ಟಿಕ್‌ನದಾಗಿರಲಿ, ಕಬ್ಬಿಣದ್ದು ಬೇಡ.

ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ಅಳತೆ ಸರಿಯಿದ್ದರೂ ದ್ರಾವಣ ಆಮ್ಲೀಯವಾಗಿಯೇ ಉಳಿದು ಎಳೆಯ ಕಾಯಿಗಳನ್ನು ಸುಡುತ್ತದೆ. ಉಜ್ಜಿ ಹೊಳಪು ಬರಿಸಿದ ಸಾಮಾನ್ಯ ಕಬ್ಬಿಣದ ಕತ್ತಿಯನ್ನು (ಅಡುಗೆಮನೆಯ ಸ್ಟೀಲ್ ಚಾಕುವನ್ನಲ್ಲ) ಕೆಲವು ನಿಮಿಷ ಅದ್ದಿದಾಗ, ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುವುದರಿಂದ ಅಲಗಿನ ಮೇಲೆ ಕೆಂಪು ಲೇಪ ಮೂಡಿದರೆ, ಅದು ಮರೆಯಾಗುವವರೆಗೆ ಸುಣ್ಣದ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ, ಪ್ರತಿ ಸಲವೂ ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿ ನೋಡಬೇಕು. ಲಿಟ್ಮಸ್ ಕಾಗದವೂ ಆಗುತ್ತದೆ. ಆದರೆ ತೋಟದಲ್ಲಿ ಕತ್ತಿಯೇ ಕೈಗೆ ಸಿಗುವುದು.

ತಯಾರಿಸಿದ ದಿನವೇ ಸಿಂಪಡಿಸಿ ಮುಗಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಗೊನೆ ಪೂರ್ತಿ ತೋಯುವಂತೆ ಆಗಲಿ, ಎರಡನೆಯದು 40–45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ.