ಟಿವಿಯ ಮೇಲಿನ ಅನುಮಾನ: ಒಂದು ಆಪ್ತಸಲಹೆ ಪ್ರಕರಣ

ಮನೆಮನೆಗೆ ಸ್ಮಾರ್ಟ್ ಟಿವಿ ಬಂದ ಮೇಲೆ ಒಂದು ಬಗೆಯ ದೂರು ನಮ್ಮಂಥವರ ಬಳಿಗೆ ಪದೇ ಪದೇ ಬರುತ್ತಿದೆ. ಮಾತನಾಡುವವರು ಸಾಮಾನ್ಯವಾಗಿ ಗಂಡ, ಮಗ ಅಥವಾ ಸೊಸೆ. ಯಾರ ಬಗ್ಗೆ ದೂರೋ ಅವರು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. “ಇವರಿಗೆ ಟಿವಿ ತಮ್ಮನ್ನು ಗಮನಿಸುತ್ತಿದೆ ಎಂಬ ಅನುಮಾನ ಹತ್ತಿದೆ, ಎಷ್ಟು ಹೇಳಿದರೂ ಕೇಳುವುದಿಲ್ಲ, ನೀವಾದರೂ ತಿಳಿಹೇಳಿ” ಎಂಬುದು ಆ ದೂರಿನ ಸಾರ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟ ದಂಪತಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗದಷ್ಟು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಆ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನ ವೃತ್ತಿಯ ಕೆಲವು ಗೆಳೆಯರು ಒಪ್ಪಲಿಲ್ಲ. ಹಾಗೆ ಸಲಹೆ ಕೊಡಲು ಕಾರಣವೇನೆಂದು ಹೇಳುವುದೂ ಈ ಬರಹದ ಉದ್ದೇಶ.

ಮದುವೆಯಾಗಿ ಕೆಲವು ವರ್ಷಗಳಾಗಿದ್ದ, ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಗಂಡ ಮತ್ತು ಅತ್ತೆಯೊಡನೆ ವಾಸವಾಗಿದ್ದ ಮಹಿಳೆ ಅವರು. ಎರಡು ಬಾರಿ ಗರ್ಭಪಾತವಾಗಿತ್ತು; ಎರಡನೆಯದರ ನಂತರ ಕೆಲಸ ಬಿಟ್ಟು ಮನೆಯಲ್ಲಿದ್ದರು. ಪತಿಗೆ ವಾರದ ಹೆಚ್ಚಿನ ದಿನ ಮನೆಯಿಂದಲೇ ಕಚೇರಿ ಕೆಲಸ. ಆಕೆ ರಾತ್ರಿ ಮಲಗುವ ಕೋಣೆಯ ಟಿವಿಗೆ ಬೆಡ್‌ಶೀಟ್ ಹೊದಿಸುತ್ತಿದ್ದರು, ಆಗಾಗ ವೈ-ಫೈ ಪೆಟ್ಟಿಗೆಯ ಪ್ಲಗ್ ಕಿತ್ತುಹಾಕುತ್ತಿದ್ದರು, ತವರಿನವರ ಜೊತೆ ಫೋನಿನಲ್ಲಿ ಮಾತನಾಡಬೇಕಾದರೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮಾತನಾಡುತ್ತಿದ್ದರು. ಇಷ್ಟನ್ನು ಪತಿ ಮೊದಲ ದಿನವೇ ಹೇಳಿ, “ನಮ್ಮ ಕಡೆಯವರೆಲ್ಲ ಇದು ಅನುಮಾನದ ಕಾಯಿಲೆ ಅಂತಿದ್ದಾರೆ ಮೇಡಂ” ಎಂದು ಮಾತು ಮುಗಿಸಿದರು.

ಯಂತ್ರವೊಂದು ತನ್ನನ್ನು ಹಿಂಬಾಲಿಸುತ್ತಿದೆ ಎಂಬ ಭಯ ಮನೋವೈದ್ಯಶಾಸ್ತ್ರಕ್ಕೆ ಹೊಸದಲ್ಲ. ವಿಕ್ಟರ್ ಟೌಸ್ಕ್ ಎಂಬ ಮನೋವಿಶ್ಲೇಷಕರು ರೋಗಿಗಳನ್ನು ‘ಪ್ರಭಾವಿಸುವ ಯಂತ್ರ’ದ ಬಗ್ಗೆ 1919ರಲ್ಲೇ ಬರೆದಿದ್ದರು, ಆ ನಂತರ ರೇಡಿಯೊ, ಉಪಗ್ರಹ, ಮೊಬೈಲ್ ಎಂದು ಕಾಲಕ್ಕೆ ತಕ್ಕಂತೆ ಯಂತ್ರ ಬದಲಾಗುತ್ತ ಬಂದಿದೆ. ಆದ್ದರಿಂದ ಆಕೆಯೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ನನ್ನ ಕಿವಿ ಕೆಲವು ಸಂಗತಿಗಳಿಗಾಗಿ ಕಾದಿತ್ತು. ಟಿವಿಯಲ್ಲಿ ಸುದ್ದಿ ಓದುವವರು ತನ್ನನ್ನೇ ಉದ್ದೇಶಿಸಿ ಮಾತನಾಡುತ್ತಾರೆ ಎನ್ನುತ್ತಾರೆಯೇ? ಪ್ಲಗ್ ಕಿತ್ತ ಮೇಲೂ ಅದು ನೋಡುತ್ತಿದೆ ಎನ್ನುತ್ತಾರೆಯೇ? ಭಯ ಫ್ಯಾನಿಗೆ, ಸ್ವಿಚ್ ಬೋರ್ಡಿಗೆ, ಎದುರು ಮನೆಯ ಬಾಲ್ಕನಿಗೆ ಹಬ್ಬಿದೆಯೇ? ಯಾರಿಗೂ ಕೇಳಿಸದ ದನಿ ಅವರಿಗೆ ಕೇಳಿಸುತ್ತದೆಯೇ? ಇವುಗಳಲ್ಲಿ ಒಂದಾದರೂ ಕಂಡಿದ್ದರೆ ಟಿವಿಯ ಮಾತನ್ನು ಬದಿಗಿಟ್ಟು ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಒಂದೂ ಕಾಣಲಿಲ್ಲ. ಪ್ಲಗ್ ಕಿತ್ತರೆ ನೆಮ್ಮದಿಯಾಗುತ್ತದೆ ಎಂದರು. ನಿದ್ದೆ ಕೆಟ್ಟಿದ್ದುದರಿಂದ ಮನೋವೈದ್ಯರನ್ನು ಒಮ್ಮೆ ಕಾಣಲು ಹೇಳಿದೆ. ಅವರೂ ಪರೀಕ್ಷಿಸಿ, ದುಃಖವಿದೆ, ಆತಂಕವಿದೆ, ಭ್ರಮೆಯ ಲಕ್ಷಣವಿಲ್ಲ ಎಂದೇ ತಿಳಿಸಿದರು.

ಇನ್ನೊಂದು ಕಡೆ, ಸ್ಮಾರ್ಟ್ ಟಿವಿ ನಿಜವಾಗಿ ಏನು ಮಾಡುತ್ತದೆ ಎಂಬುದನ್ನೂ ತಿಳಿದಿರಬೇಕಾಗುತ್ತದೆ. ಅದನ್ನು ತಿಳಿಯದೆ ‘ಹಾಗೆಲ್ಲ ಏನೂ ಇರುವುದಿಲ್ಲಮ್ಮ’ ಎಂದು ಸಮಾಧಾನ ಹೇಳುವುದು ಸುಳ್ಳು ಹೇಳಿದಂತೆಯೇ ಆಗುತ್ತದೆ. ಪರದೆಯ ಮೇಲೆ ಮೂಡುವ ಚಿತ್ರ ಮತ್ತು ಧ್ವನಿಯಿಂದ ಒಂದು ಬಗೆಯ ಬೆರಳಚ್ಚು ತಯಾರಿಸಿ, ಕಂಪನಿಯ ಸಂಗ್ರಹದೊಡನೆ ಹೋಲಿಸಿ, ಆ ಮನೆಯಲ್ಲಿ ಯಾವಾಗ ಏನನ್ನು ನೋಡಲಾಯಿತು ಎಂದು ಗುರುತಿಸುವ ತಂತ್ರಾಂಶ ಈಗಿನ ಬಹಳಷ್ಟು ಟಿವಿಗಳಲ್ಲಿದೆ. ಒಪ್ಪಿಗೆಯಿಲ್ಲದೆ 1.1 ಕೋಟಿ ಟಿವಿಗಳಿಂದ ಇಂಥ ಮಾಹಿತಿ ಸಂಗ್ರಹಿಸಿದ ಆರೋಪಕ್ಕೆ ಟಿವಿ ತಯಾರಿಸುವ ವಿಜಿಯೊ ಕಂಪನಿ 2017ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದೊಡನೆ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಧ್ವನಿ ಗುರುತಿಸುವ ಸೌಲಭ್ಯ ಬಳಸುವಾಗ ಆಡಿದ ಖಾಸಗಿ ಮಾತೂ ಮೂರನೆಯವರಿಗೆ ರವಾನೆಯಾಗಬಹುದು ಎಂಬ ಎಚ್ಚರಿಕೆ ಸ್ಯಾಮ್‌ಸಂಗ್‌ನ ಗೋಪ್ಯತಾ ನೀತಿಯಲ್ಲೇ ಇದ್ದುದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಕ್ಯಾಮೆರಾ ಇರುವ ಟಿವಿಗೆ ಕಪ್ಪು ಟೇಪ್ ಅಂಟಿಸಿಕೊಳ್ಳಬಹುದು ಎಂದು ಸಾರ್ವಜನಿಕರಿಗೆ 2019ರಲ್ಲಿ ಹೇಳಿದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಪೋರ್ಟ್‌ಲ್ಯಾಂಡ್ ಕಚೇರಿ. ಪೊಲೀಸರು ಹೇಳಿದ ಟೇಪ್ ಎಚ್ಚರಿಕೆಯಾಗಿ, ಗೃಹಿಣಿ ಹೊದಿಸಿದ ಬೆಡ್‌ಶೀಟ್ ಕಾಯಿಲೆಯಾಗುವುದು ಹೇಗೆ ಎಂದು ನನ್ನ ಗೆಳೆಯರನ್ನು ಕೇಳಿದ್ದೇನೆ.

ಹಾಗೆಂದು ಇದೆಲ್ಲವನ್ನೂ ಹೆದರಿದವರ ಮುಂದೆ ಸುರಿಯಲಾಗದು. ಆಕೆಗೆ ನಾನು ಹೇಳಿದ್ದು ಬಹುಮಟ್ಟಿಗೆ ಈ ತಂತ್ರಾಂಶದ ಮಿತಿಯನ್ನು: ಕ್ಯಾಮೆರಾ ಇಲ್ಲದ ಟಿವಿ ಕೋಣೆಯನ್ನು ನೋಡಲಾರದು, ಅವರ ಮನೆಯ ಟಿವಿಯಲ್ಲಿ ಮೈಕ್ ಇದ್ದುದು ರಿಮೋಟ್‌ನಲ್ಲಿ, ಅದು ಗುಂಡಿ ಒತ್ತಿದಾಗ ಕೆಲಸ ಮಾಡುವಂಥದ್ದು, ಪರದೆಯ ಮೇಲೆ ಏನಿದೆ ಎಂಬುದು ಕಂಪನಿಗೆ ತಿಳಿಯಬಹುದೇ ಹೊರತು ಮಂಚದ ಮೇಲೆ ಯಾರು ಅಳುತ್ತ ಕುಳಿತಿದ್ದಾರೆ ಎಂಬುದು ತಿಳಿಯದು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, “ಕಂಪನಿಯವರು ನೋಡಿದರೆ ನೋಡಿಕೊಳ್ಳಲಿ ಮೇಡಂ, ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ. ಮಧ್ಯಾಹ್ನ ನಾನು ನೋಡಿದ್ದು ಸಂಜೆಗೆ ನಮ್ಮತ್ತೆಗೆ ಹೇಗೆ ಗೊತ್ತಾಗುತ್ತೆ?” ಎಂದರು. ಮತ್ತೆ ಮತ್ತೆ ಆಗುವ ಗರ್ಭಪಾತದ ಬಗ್ಗೆ ವೈದ್ಯರೊಬ್ಬರ ಮಾತು ಕೇಳಿದ ದಿನ ರಾತ್ರಿ ಊಟಕ್ಕೆ ಕುಳಿತಾಗ, ‘ಈಗಿನವರು ಎಲ್ಲದಕ್ಕೂ ವೀಡಿಯೊ ನೋಡಿಯೇ ಹೆದರುವುದು’ ಎಂಬ ಮಾತು ಬಂದಿತ್ತಂತೆ. ಗಂಡನಿಂದ ಬೇರೆಯಾಗಿ ವಾಸಿಸುವ ಹೆಂಡತಿಯ ಹಕ್ಕುಗಳ ಬಗ್ಗೆ ವಕೀಲರೊಬ್ಬರ ವೀಡಿಯೊ ನೋಡಿದ ವಾರ ಪತಿ ಮಾತು ಬಿಟ್ಟಿದ್ದರಂತೆ.

ಅದು ಬಹಳ ಸ್ಪಷ್ಟವಾದ ಪ್ರಶ್ನೆ. ಭ್ರಮೆಯಲ್ಲಿರುವವರ ಬಳಿ ಸಾಮಾನ್ಯವಾಗಿ ಪ್ರಶ್ನೆಗಿಂತ ಉತ್ತರವೇ ಸಿದ್ಧವಾಗಿರುತ್ತದೆ. ಆಕೆಯ ಬಳಿ ಉತ್ತರವಿರಲಿಲ್ಲ. ಆ ಟಿವಿಯಲ್ಲಿ ಯಾರ ಖಾತೆ ಲಾಗಿನ್ ಆಗಿದೆ ಎಂದು ಕೇಳಿದೆ. ಆಕೆಗೆ ಗೊತ್ತಿರಲಿಲ್ಲ. ತಂದು ಗೋಡೆಗೆ ಹಾಕಿಸಿದ ದಿನ ಪತಿಯೇ ಎಲ್ಲ ಜೋಡಿಸಿಕೊಟ್ಟಿದ್ದರು.

ಮುಂದಿನ ಭೇಟಿಗೆ ಇಬ್ಬರನ್ನೂ ಕರೆದೆ. ಪತಿಯ ಮೇಲೆ ಆಪಾದನೆ ಹೊರಿಸುವ ಉದ್ದೇಶ ನನಗಿರಲಿಲ್ಲ. ಇಂಥ ಮನೆಗಳಲ್ಲಿ ಎಷ್ಟೋ ಸಲ ಖಾತೆ ಯಾರದೆಂಬುದನ್ನು ಯಾರೂ ಯೋಚಿಸಿಯೇ ಇರುವುದಿಲ್ಲ. ಆದ್ದರಿಂದ ಮೊದಲು ಟಿವಿಯ ತಂತ್ರಾಂಶದ ಬಗ್ಗೆಯೇ ಮಾತು ತೆಗೆದೆ. ಲಂಡನ್, ಮ್ಯಾಡ್ರಿಡ್ ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿವಿಗೆ ಎಚ್‌ಡಿಎಂಐ ತಂತಿಯಿಂದ ಬೇರೊಂದು ಸಾಧನ ಜೋಡಿಸಿ ಅದನ್ನು ಬರಿಯ ಮಾನಿಟರ್ ಆಗಿ ಬಳಸುವಾಗಲೂ ಈ ಗುರುತಿಸುವ ಕೆಲಸ ನಡೆಯುತ್ತಿತ್ತು ಎಂದು ಕಂಡುಬಂದಿದ್ದನ್ನು ಹೇಳಿದೆ. ಅಲ್ಲಿಯವರೆಗೆ ಕುರ್ಚಿಗೆ ಒರಗಿ ಕುಳಿತಿದ್ದ ಪತಿ ನೆಟ್ಟಗಾದರು. ಹಗಲು ಹೊತ್ತು ಹಾಲ್‌ನ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಅವರು ಕಚೇರಿಯ ಕೆಲಸ ಮಾಡುತ್ತಿದ್ದರು. “ನಮ್ಮ ಕ್ಲೈಂಟ್‌ನವರ ಡೇಟಾ ಇರುತ್ತೆ ಮೇಡಂ, ಅದನ್ನು ಹೇಗೆ ಆಫ್ ಮಾಡುವುದು?” ಎಂದು ಫೋನ್ ತೆಗೆದು ಬರೆದುಕೊಳ್ಳಲು ಸಿದ್ಧರಾದರು. ಕಚೇರಿಯ ಕಡತವನ್ನು ಚಿತ್ರವಾಗಿ ಕಳುಹಿಸುತ್ತದೆ ಎಂದು ಯಾರೂ ಹೇಳುತ್ತಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಹಿಂತೆಗೆದುಕೊಂಡರೆ ಆ ರವಾನೆ ನಿಲ್ಲುತ್ತದೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿದೆ ಎಂದು ವಿವರಿಸಿದೆ. ಪತ್ನಿ ಅವರ ಮುಖವನ್ನೇ ನೋಡುತ್ತಿದ್ದರು. ತಿಂಗಳುಗಟ್ಟಲೆ ತಾನು ಹೇಳಿದಾಗ ಕಾಯಿಲೆಯಾಗಿದ್ದ ಮಾತು, ಕಚೇರಿಯ ವಿಷಯಕ್ಕೆ ಬಂದಾಗ ಅರೆಕ್ಷಣದಲ್ಲಿ ಕಾಳಜಿಯಾಗಿತ್ತು.

ಆಮೇಲೆ ಖಾತೆಯ ವಿಷಯ ಕೇಳಿದೆ. ಎರಡೂ ಟಿವಿಗಳಲ್ಲಿ ಪತಿಯ ಖಾತೆಯೇ ಇತ್ತು. ಅತ್ತೆ ಭಜನೆ ಕೇಳುತ್ತಿದ್ದ ಟ್ಯಾಬ್‌ನಲ್ಲೂ ಅದೇ ಖಾತೆ. ಅಂದರೆ ಮಲಗುವ ಕೋಣೆಯಲ್ಲಿ ಆಕೆ ಹುಡುಕಿದ್ದು, ನೋಡಿದ್ದು ಎಲ್ಲವೂ ಪತಿಯ ಫೋನಿನ ಯೂಟ್ಯೂಬ್ ಹಿಸ್ಟರಿಯಲ್ಲಿ ಸಾಲಾಗಿ ನಿಲ್ಲುತ್ತಿತ್ತು. ಅದಕ್ಕೆ ಹೊಂದುವ ವೀಡಿಯೊಗಳು ಅತ್ತೆಯ ಟ್ಯಾಬ್‌ನಲ್ಲಿ ಭಜನೆಗಳ ನಡುವೆ ತೇಲಿ ಬರುತ್ತಿದ್ದವು. ಇದು ನಿಮಗೆ ಗೊತ್ತಿತ್ತೇ ಎಂದು ಪತಿಯನ್ನು ಕೇಳಿದಾಗ ಅವರು ಸಹಜವಾಗಿಯೇ ಉತ್ತರಿಸಿದರು: “ನಾನೇನೂ ಕದ್ದು ನೋಡಿಲ್ಲ ಮೇಡಂ. ನನ್ನ ಫೋನಿಗೆ ಅದು ತಾನಾಗಿಯೇ ಬರುತ್ತಿತ್ತು.”

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಕೆ ಕೇಳಿದರು: “ಹಾಗಾದರೆ ನಾನು ಹೇಳಿದ್ದು ನಿಜ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಇಲ್ಲಿಗೆ ಯಾಕೆ ಕರೆದುಕೊಂಡು ಬಂದಿರಿ?”

ಪತಿಯ ಉತ್ತರ ನಿಧಾನವಾಗಿ, ತುಂಡು ತುಂಡಾಗಿ ಬಂತು. ಮೊದಮೊದಲು ತಾನಾಗಿಯೇ ಕಣ್ಣಿಗೆ ಬಿದ್ದಿತ್ತು; ವಕೀಲರ ವೀಡಿಯೊ ಕಂಡ ಮೇಲೆ ದಿನವೂ ತೆಗೆದು ನೋಡುವುದು ರೂಢಿಯಾಯಿತು; ನೇರವಾಗಿ ಕೇಳಲು ಧೈರ್ಯ ಬರಲಿಲ್ಲ; ಆಕೆ ಟಿವಿಯನ್ನು ದೂರತೊಡಗಿದಾಗ, ವಿಷಯ ತನ್ನ ತನಕ ಬರುವುದಿಲ್ಲವೆಂದು ಒಳಗೊಳಗೇ ಸಮಾಧಾನವಾಯಿತು. ಆತ ಕ್ರೂರಿಯೆಂದು ನನಗೆ ಅಂದೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಹೆಂಡತಿ ಬಿಟ್ಟುಹೋಗುತ್ತಾಳೆಂಬ ಹೆದರಿಕೆ ಅವರಿಗೂ ಇತ್ತು. ಆದರೆ ತಾನು ಕಂಡ ಸತ್ಯವನ್ನು ಮುಚ್ಚಿಟ್ಟು, ಅದನ್ನೇ ಹೇಳುತ್ತಿದ್ದವಳಿಗೆ ರೋಗದ ಹೆಸರಿಟ್ಟದ್ದು ಹೆದರಿಕೆಯಿಂದ ಕ್ಷಮ್ಯವಾಗುವುದಿಲ್ಲ. ಅದನ್ನು ಇಷ್ಟೇ ಸ್ಪಷ್ಟವಾಗಿ ಅವರಿಗೂ ಹೇಳಿದೆ.

ನಾನು ಕೊಟ್ಟ ಸಲಹೆಯಲ್ಲಿ ತಾಂತ್ರಿಕವಾದುದು ಸುಲಭದ್ದು. ಟಿವಿಗಳಿಂದಲೂ ಟ್ಯಾಬ್‌ನಿಂದಲೂ ಪತಿಯ ಖಾತೆ ತೆಗೆದು, ಆಕೆ ತನ್ನದೇ ಖಾತೆ ಹಾಕಿಕೊಳ್ಳುವುದು, ಬೇಡವೆನಿಸಿದರೆ ಅತಿಥಿಯಾಗಿ ನೋಡುವುದು. ನೋಡಿದ್ದರ ದಾಖಲೆ ಉಳಿಯದಂತೆ ಖಾತೆಯಲ್ಲಿ ಹಿಸ್ಟರಿಯನ್ನು ನಿಲ್ಲಿಸುವುದು. ವೀಕ್ಷಣೆಯ ಮಾಹಿತಿ ಕಂಪನಿಗೆ ಹೋಗದಂತೆ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ತೆಗೆದುಹಾಕುವುದು. ಈ ಆಯ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರಿನಲ್ಲಿರುತ್ತದೆ. ಎಲ್‌ಜಿಯಲ್ಲಿ ‘ಲೈವ್ ಪ್ಲಸ್’, ಸ್ಯಾಮ್‌ಸಂಗ್‌ನಲ್ಲಿ ‘ವ್ಯೂವಿಂಗ್ ಇನ್ಫರ್ಮೇಶನ್ ಸರ್ವಿಸಸ್’ ಎಂಬಂತೆ. ಇದನ್ನೆಲ್ಲ ರಿಮೋಟ್ ಹಿಡಿದು ಆಕೆಯೇ ಮಾಡಬೇಕು, ಪತಿ ಪಕ್ಕದಲ್ಲಿದ್ದು ದಾರಿ ತೋರಿಸಬಹುದು ಎಂದು ಷರತ್ತು ಹಾಕಿದೆ. ಯಾರು ಜೋಡಿಸಿಕೊಟ್ಟರೋ ಅವರೇ ಮತ್ತೆ ಸರಿಮಾಡಿಕೊಟ್ಟರೆ ಆಕೆಯ ಪಾಲಿಗೆ ಏನೂ ಬದಲಾದಂತಾಗುವುದಿಲ್ಲ.

ಗೆಳೆಯರು ಒಪ್ಪದಿದ್ದುದು ಇನ್ನೊಂದು ಸಲಹೆಯನ್ನು. ‘ಅವಳು ಹೇಳಿದ್ದು ನಿಜವಾಗಿತ್ತು’ ಎಂಬ ಮಾತನ್ನು ಪತಿ ತಮ್ಮ ತಾಯಿಯ ಎದುರಿಗೆ, ಪತ್ನಿಯೂ ಇರುವಾಗ ಹೇಳಬೇಕು ಎಂದು ನಾನು ಕೇಳಿಕೊಂಡೆ. ಆಪ್ತಸಲಹೆಗಾರರು ಟಿವಿ ರಿಪೇರಿಯವರೂ ಅಲ್ಲ, ಪಂಚಾಯಿತಿ ಕಟ್ಟೆಯ ಹಿರಿಯರೂ ಅಲ್ಲ, ಗಂಡನಿಂದ ತಪ್ಪೊಪ್ಪಿಗೆ ಪಡೆಯುವುದು ನಮ್ಮ ಕೆಲಸವಲ್ಲ ಎಂಬುದು ಅವರ ಆಕ್ಷೇಪ. ಅನುಮಾನ ಪಡುವವರ ಮಾತಿಗೆ ಪುರಾವೆ ಹುಡುಕಿಕೊಡುವುದರಿಂದ ಅನುಮಾನ ಬೆಳೆಯುತ್ತದೆ ಎಂದೂ ಒಬ್ಬರು ಹೇಳಿದರು. ಭ್ರಮೆ ಇರುವವರ ಮಟ್ಟಿಗೆ ಆ ಎಚ್ಚರ ಸರಿಯಾದುದೇ. ಆದರೆ ಭ್ರಮೆ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ವಾಸ್ತವ ಏನೆಂಬುದನ್ನು ಯಾರಾದರೂ ನೋಡಲೇಬೇಕಲ್ಲವೇ? ಇನ್ನು ತಪ್ಪೊಪ್ಪಿಗೆಯ ಮಾತು. ಪತಿಯ ತಪ್ಪನ್ನು ತಾಯಿಯ ಮುಂದೆ ಬಿಚ್ಚಿಡುವುದು ನನ್ನ ಬೇಡಿಕೆಯಾಗಿರಲಿಲ್ಲ. ‘ಅನುಮಾನದ ಕಾಯಿಲೆ’ ಎಂಬ ಹೆಸರು ಆ ಮನೆಯಿಂದ ಹೊರಟು ಬಂಧುಬಳಗದವರೆಗೆ ಹೋಗಿತ್ತು. ನಮ್ಮಲ್ಲಿ ಹೆಣ್ಣೊಬ್ಬಳ ಮೇಲೆ ಬಿದ್ದ ಅಂಥ ಹೆಸರು ಮುಂದೆ ಆಕೆ ಆಡುವ ಪ್ರತಿಯೊಂದು ಮಾತನ್ನೂ ಹಗುರಗೊಳಿಸುತ್ತದೆ. ಹೊರಡಿಸಿದವರೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಸೆಟ್ಟಿಂಗ್ಸ್ ಬದಲಿಸಿ ಪ್ರಯೋಜನವಿಲ್ಲ ಎಂಬುದು ನನ್ನ ನಂಬಿಕೆ.

ಕಾನೂನಿನ ನೆರವಿಲ್ಲವೇ ಎಂದು ಆಕೆಯೇ ಒಮ್ಮೆ ಕೇಳಿದ್ದರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮ್ಮ ಹೆಮ್ಮೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಆದರೆ ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಗೃಹಸಂಬಂಧಿ ಉದ್ದೇಶಕ್ಕೆ ಮಾಹಿತಿಯನ್ನು ಬಳಸಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕಂಪನಿಯನ್ನು ಪ್ರಶ್ನಿಸಲು ಅದು ನೆರವಾಗಬಹುದು. ಗಂಡನ ಫೋನಿನಲ್ಲಿ ಸಾಲಾಗಿ ನಿಂತ ಹಿಸ್ಟರಿಯ ವಿಷಯದಲ್ಲಿ ಅದು ಹೊಸ್ತಿಲಾಚೆಯೇ ನಿಲ್ಲುತ್ತದೆ. ಹೀಗಾಗಿ ಯಾರು ಏನನ್ನು ನೋಡಬಹುದು ಎಂಬುದನ್ನು ಮನೆಯವರೇ ಕುಳಿತು ಮಾತನಾಡಿಕೊಳ್ಳಬೇಕಾಗುತ್ತದೆ. ಗಂಡ ಹೆಂಡಿರ ನಡುವೆ ಬೇರೆ ಬೇರೆ ಪಾಸ್‌ವರ್ಡ್ ಇರುವುದು ನಂಬಿಕೆಗೆ ಮಾಡುವ ಅವಮಾನವೆಂದು ಭಾವಿಸುವ ದಂಪತಿಗಳನ್ನು ನಾನು ಬಹಳ ಕಂಡಿದ್ದೇನೆ. ಒಂದೇ ಮನೆಯಲ್ಲಿ ಬೀರುವಿನ ಬೀಗದ ಕೈ ಬೇರೆ ಇಟ್ಟುಕೊಂಡವರ ಸಂಸಾರಗಳು ಹಿಂದೆಯೂ ಚೆನ್ನಾಗಿಯೇ ನಡೆದಿವೆ.

ಪತಿ ಆ ಮಾತನ್ನು ತಾಯಿಯ ಎದುರು ಹೇಳಲು ಬಹಳ ದಿನ ಹಿಂಜರಿದರು, ಎರಡು ಭೇಟಿಗಳನ್ನು ತಪ್ಪಿಸಿದರು. ಕೊನೆಗೊಂದು ಭಾನುವಾರ ಹೇಳಿದರಂತೆ. ಪೂರ್ತಿ ಹೇಳಲಿಲ್ಲ, ವಕೀಲರ ವೀಡಿಯೊ ವಿಷಯ ಬಿಟ್ಟರು, ಅದನ್ನು ಬಿಡಬಹುದೆಂದು ಆಕೆಯೇ ಮೊದಲು ಹೇಳಿದ್ದರು. ಅತ್ತೆ ತುಸು ಹೊತ್ತು ಸುಮ್ಮನಿದ್ದು, ತಾನು ನೋಡುವುದೂ ಮಗನಿಗೆ ಹೀಗೆಯೇ ತಿಳಿಯುತ್ತಿತ್ತೇ ಎಂದು ಕೇಳಿದರಂತೆ, ಮರುದಿನ ತನಗೂ ಒಂದು ಬೇರೆ ಖಾತೆ ಮಾಡಿಕೊಡಲು ಸೊಸೆಗೆ ಹೇಳಿದರಂತೆ.

ಬೆಡ್‌ಶೀಟ್ ಹೋಗಿದೆ. ಆದರೂ ಆಕೆ ಆ ಟಿವಿಯಲ್ಲಿ ಏನನ್ನೂ ನೋಡುವುದಿಲ್ಲ, ಬೇಕಾದುದನ್ನು ತನ್ನ ಫೋನಿನಲ್ಲೇ ಇಯರ್‌ಫೋನ್ ಹಾಕಿಕೊಂಡು ನೋಡುತ್ತಾರೆ. ಎಲ್ಲ ಸರಿಮಾಡಿದ ಮೇಲೂ ಹೀಗೇಕೆ ಎಂದು ಪತಿ ಕೇಳಿದರು. ಎಷ್ಟು ಕಾಲ ಬೇಕೆಂಬುದನ್ನು ಆಕೆಯೇ ನಿರ್ಧರಿಸಲಿ, ಈ ವಿಷಯ ಮನೆಯಲ್ಲಿ ಮತ್ತೆ ಎತ್ತಬೇಡಿ ಎಂದು ತಿಳಿಸಿದ್ದೇನೆ. ಸದ್ಯ ಇಬ್ಬರೂ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಾರೆ. ಕಳೆದುಕೊಂಡ ಎರಡು ಮಕ್ಕಳ ಬಗ್ಗೆ ಅವರು ಒಬ್ಬರೊಡನೊಬ್ಬರು ಇನ್ನೂ ಮಾತನಾಡಿಲ್ಲ. ಈಗ ನಡೆಯುತ್ತಿರುವುದು ಆ ಕೆಲಸ.