ಎಸಿಯ ಗ್ಯಾಸು, ಗೀಸರಿನ ಸುಣ್ಣ, ಹಂಡೆಯ ಮಸಿ

ಪ್ರಶ್ನೆ: ಮೂರು ವರ್ಷಗಳ ಹಿಂದೆ ಒಂದೂವರೆ ಟನ್ನಿನ ಎಸಿ ಹಾಕಿಸಿದೆವು. ಪ್ರತಿ ಮಾರ್ಚ್ ತಿಂಗಳಿನಲ್ಲಿ ಸರ್ವೀಸಿಗೆ ಬರುವವರು ‘ಗ್ಯಾಸು ಕಡಿಮೆಯಾಗಿದೆ’ ಎಂದು ತುಂಬಿಸಿ ಹೋಗುತ್ತಾರೆ. ಒಂದು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ತಂಪು ಸಾಲುವುದಿಲ್ಲ. ಕರೆಂಟು ಬಿಲ್ಲು ಮಾತ್ರ ಏರುತ್ತದೆ. ಪ್ರತಿ ವರ್ಷವೂ ಗ್ಯಾಸು ತುಂಬಿಸಲೇಬೇಕೆ?
– ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ಬೇಕಿಲ್ಲ. ಎಸಿಯೊಳಗಿನ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸು ದ್ರವವಾಗುತ್ತ, ಮತ್ತೆ ಆವಿಯಾಗುತ್ತ ಯಂತ್ರ ಬಾಳುವಷ್ಟು ಕಾಲವೂ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕದೆ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಇನ್ನೊಮ್ಮೆ ಯಾರಾದರೂ ಹಾಗೆ ಹೇಳಿದರೆ, ಒಳಗಿನ ಮತ್ತು ಹೊರಗಿನ ಯೂನಿಟ್ಟುಗಳನ್ನು ಜೋಡಿಸುವ ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ತೋರಿಸುವಂತೆ ಕೇಳಿರಿ. ಸೋರಿಕೆ ಸರಿಪಡಿಸಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಪೂರ್ತಿ ಎಳೆದು, ಹೊರಗಿನ ಯೂನಿಟ್ಟಿನ ಚೀಟಿಯಲ್ಲಿ ನಮೂದಿಸಿದ ತೂಕದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಹೊಸ ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸಾದ್ದರಿಂದ ಈ ಕೆಲಸಕ್ಕೆ ನೀವೇ ಕೈಹಾಕಬಾರದು.

ಆದರೆ ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ನನಗೆ ಬೇರೊಂದು ಅನುಮಾನ ಬಂದಿತು. ಗ್ಯಾಸು ತುಂಬಿದ ದಿನವೇ ಅವರು ಫಿಲ್ಟರನ್ನೂ ತೊಳೆದಿರುತ್ತಾರೆ. ಹಾಗಿದ್ದಮೇಲೆ ಆ ಒಂದು ತಿಂಗಳ ತಂಪು ಗ್ಯಾಸಿನದೋ, ಫಿಲ್ಟರಿನದೋ? ಮುಂದಿನ ಸಲ ಯಾರನ್ನೂ ಕರೆಯುವ ಮೊದಲು ಎಸಿಯ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ, ಮುಂದಿನ ಮುಚ್ಚಳ ತೆರೆದು, ಜಾಲರಿಯನ್ನು ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿ ನೋಡಿರಿ. ಫಿಲ್ಟರು ಕಟ್ಟಿಕೊಂಡರೆ ಒಳಗಿನ ಕಾಯಿಲಿನ ಮೇಲೆ ಗಾಳಿ ಹಾಯುವುದಿಲ್ಲ. ಗಾಳಿ ಹಾಯದಿದ್ದರೆ ತಂಪು ಕೋಣೆಗೆ ಬಾರದೆ ಕಾಯಿಲಿನಲ್ಲೇ ಮಂಜಾಗಿ ಕಟ್ಟುತ್ತದೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರು ಮಾತ್ರ ನಿಲ್ಲದೆ ಓಡುತ್ತದೆ. ಗ್ಯಾಸು ಸೋರಿದಾಗಲೂ ಮಂಜು ಕಟ್ಟುವುದುಂಟು. ಆದ್ದರಿಂದ ಮಂಜನ್ನು ತೋರಿಸಿ ‘ಗ್ಯಾಸು ಇಲ್ಲ’ ಎನ್ನುವವರ ಮಾತನ್ನು ಅಷ್ಟಕ್ಕೇ ಒಪ್ಪಬೇಕಾಗಿಲ್ಲ. ರಸ್ತೆಯ ಕೆಂಪು ಧೂಳು ಏಳುವ ನಮ್ಮೂರಿನ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರು ತೊಳೆಯುವುದು ಹೆಚ್ಚೇನಲ್ಲ.

ಹೊರಗಿನ ಯೂನಿಟ್ಟಿನ ವಿಷಯದಲ್ಲಿ ನಮ್ಮ ಕಡೆಯವರದ್ದೇ ಒಂದು ಅಭ್ಯಾಸವಿದೆ. ಮಳೆ ಹಿಡಿಯುತ್ತಿದ್ದಂತೆ ಬೈಕು, ಸೌದೆ, ತುಳಸಿಕಟ್ಟೆಗಳ ಜೊತೆಗೆ ಅದಕ್ಕೂ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಾರೆ. ಅದು ಮಳೆಯಲ್ಲಿ ನಿಲ್ಲುವಂತೆಯೇ ತಯಾರಾದ ಯಂತ್ರ. ಹೊದಿಕೆ ತೆಗೆಯದೆ ಎಸಿ ಹಾಕಿದರೆ ಕೋಣೆಯಿಂದ ಹೊರತಂದ ಶಾಖಕ್ಕೆ ಹೋಗಲು ದಾರಿ ಸಿಗದೆ ಕರೆಂಟು ಸುಮ್ಮನೆ ಸುಡುತ್ತದೆ. ಸದಾ ಹೊದಿಸಿಟ್ಟರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗಳು ಗೂಡು ಕಟ್ಟಿ ವೈರು ಕಡಿಯುತ್ತವೆ. ಬೇಸಿಗೆಗೆ ಮುಂಚೆ ಅದರ ತೆಳುವಾದ ಲೋಹದ ಪಟ್ಟಿಗಳ ನಡುವಿನ ಧೂಳನ್ನು ಒತ್ತಡವಿಲ್ಲದ ನೀರಿನಿಂದ ತೊಳೆದರೆ ಸಾಕು.

ಪ್ರಶ್ನೆ: ಎಸಿಯನ್ನು 18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುವುದಿಲ್ಲವೆ? ನಮ್ಮದು ಹಳೆಯ ಹೆಂಚಿನ ಮನೆ; ಅತ್ತೆಯವರ ಕೋಣೆಗೆ ಹಾಕಿಸಿದ್ದೇವೆ, ಎಷ್ಟು ಹೊತ್ತು ಓಡಿದರೂ ಸಾಲದು.
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಬೇಗ ಆಗುವುದಿಲ್ಲ. ಹಳೆಯ ಬಗೆಯ ಎಸಿಯ ಕಂಪ್ರೆಸರು ಒಂದೇ ವೇಗದಲ್ಲಿ ಓಡುತ್ತದೆ. ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಎಸಿಯೂ ಕೋಣೆ ಬಿಸಿಯಾಗಿರುವಾಗ ಹೇಗೂ ಜೋರಾಗಿಯೇ ಓಡುತ್ತದೆ. 18 ಎಂಬುದು ಎಲ್ಲಿ ನಿಲ್ಲಬೇಕು ಎಂಬ ಸೂಚನೆಯೇ ಹೊರತು ಎಷ್ಟು ಬೇಗ ಹೋಗಬೇಕು ಎಂಬುದಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ. ಸ್ಟಾರ್ ಗುರುತಿನ ಎಸಿಗಳು ಮೊದಲ ಸಲ ಹಾಕಿದಾಗ 24 ಡಿಗ್ರಿಯಲ್ಲೇ ಇರಬೇಕೆಂಬ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. 26ಕ್ಕೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸಿದರೆ ವಯಸ್ಸಾದವರಿಗೂ ಹಿತವಾಗಿರುತ್ತದೆ.

ನಿಮ್ಮ ತೊಂದರೆಯ ಮೂಲ ಹೆಂಚಿನಲ್ಲಿದೆ. ಎಸಿ ಗಾಳಿಯನ್ನು ತಣಿಸುವುದಷ್ಟೇ ಅಲ್ಲ, ಅದರಲ್ಲಿರುವ ತೇವವನ್ನು ನೀರಾಗಿಸಿ ಹೊರಗೂ ಹಾಕಬೇಕು. ಪೈಪಿನಲ್ಲಿ ತೊಟ್ಟಿಕ್ಕುವ ಆ ನೀರಿಗೂ ಕರೆಂಟು ಖರ್ಚಾಗಿರುತ್ತದೆ. ಹೆಂಚಿನ ಸಂದುಗಳಿಂದ ಹೊರಗಿನ ತೇವದ ಗಾಳಿ ಬರುತ್ತಲೇ ಇದ್ದರೆ ಯಂತ್ರ ಇಡೀ ತೀರ್ಥಹಳ್ಳಿಯ ತೇವವನ್ನು ಹಿಂಡಲು ಹೊರಟಂತಾಗುತ್ತದೆ. ಆ ಕೋಣೆಗೆ ಮರದ ಮುಚ್ಚಿಗೆ ಹಾಕಿಸಿ, ಬಾಗಿಲಿನ ಕೆಳಗಿನ ಸಂದಿಗೆ ಪಟ್ಟಿ ಹೊಡೆಸಿರಿ. ಮುಚ್ಚಿಗೆ ಇಲ್ಲದ ಕೋಣೆಗೆ ಇನ್ನೂ ದೊಡ್ಡ ಎಸಿ ತರುವುದು ದುಡ್ಡು ದಂಡ.

ಪ್ರಶ್ನೆ: ನಮ್ಮ 15 ಲೀಟರಿನ ಗೀಸರು ಕಾಯುವಾಗ ಗೊರಗೊರ ಸದ್ದು ಮಾಡುತ್ತದೆ. ನೀರು ಬೋರ್‌ವೆಲ್ಲಿನದು. ಸುಣ್ಣ ಕಟ್ಟಿದ್ದರಿಂದಲೇ ಬಿಲ್ಲು ದುಪ್ಪಟ್ಟಾಗಿದೆ ಎನ್ನುತ್ತಾರೆ. ಗೃಹಜ್ಯೋತಿಯ ಮಿತಿ ದಾಟುವ ಭಯವಿದೆ.
– ಓದುಗರೊಬ್ಬರು, ಸಾಗರ

ಉತ್ತರ: ಸದ್ದು ಸುಣ್ಣದ್ದೇ ಇರಬಹುದು, ಆದರೆ ದುಪ್ಪಟ್ಟು ಬಿಲ್ಲು ಸುಣ್ಣದ್ದಲ್ಲ. ವಿದ್ಯುತ್ ಕಾಯಿಲು ನೀರಿನೊಳಗೇ ಮುಳುಗಿರುವುದರಿಂದ ಅದರ ಶಾಖ ತಡವಾಗಿಯಾದರೂ ನೀರಿಗೇ ಸೇರುತ್ತದೆ. ಸುಣ್ಣದ ಪೊರೆ ಕೆಡಿಸುವುದು ಕಾಯಿಲನ್ನು: ಶಾಖ ಬಿಟ್ಟುಕೊಡಲಾಗದೆ ಅದು ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಬಿಚ್ಚಿಸಿ ಪೊರೆ ತೆಗೆಸಿರಿ. ಕಾಯಿಲಿನ ಪಕ್ಕದಲ್ಲಿರುವ ಮೆಗ್ನೀಷಿಯಂ ಕಡ್ಡಿ ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುವಂಥದ್ದು, ಅದು ಕರಗಿದ್ದರೆ ಬದಲಿಸಿರಿ.

ಬಿಲ್ಲಿನ ಲೆಕ್ಕ ಬೇರೆಯೇ ಇದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 0.7 ಯೂನಿಟ್ ಬೇಕು. 2 ಕಿಲೋವಾಟಿನ ಗೀಸರಿಗೆ ಅದು ಇಪ್ಪತ್ತು ನಿಮಿಷದ ಚೂರು ಮೇಲಿನ ಕೆಲಸ. ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್ ನೀರು ಸಿಗುತ್ತದೆ. ನಾಲ್ವರು ದಿನವೂ ತಲಾ 30 ಲೀಟರ್ ಮೀಯುವ ಮನೆಗೆ ತಿಂಗಳಿಗೆ 84 ಯೂನಿಟ್ ಸ್ನಾನಕ್ಕೇ ಆಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುವುದರಿಂದ ಕಡಿತ ಮಾಡಬೇಕಾದ ಜಾಗ ಇದೇ. ಸ್ವಿಚ್ಚನ್ನು ಇಡೀ ದಿನ ಹಾಕಿಡದೆ ಮೀಯುವ ಅರ್ಧ ಗಂಟೆ ಮುಂಚೆ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿರಿ. ಬಿಸಿಲಿರುವ ತಿಂಗಳುಗಳಿಗೆ ಸೋಲಾರ್ ಇದ್ದರೆ ಒಳ್ಳೆಯದು. ಆಷಾಢದಲ್ಲಿ ಅದನ್ನು ನಂಬಿ ಕೂರಲಾಗದು ಎಂಬುದು ಸಾಗರದವರಿಗೆ ನಾನು ಹೇಳಬೇಕಾದ್ದಲ್ಲ.

ಪ್ರಶ್ನೆ: ನಮ್ಮದು ಈಗಲೂ ಬಚ್ಚಲೊಲೆ, ತಾಮ್ರದ ಹಂಡೆ. ಮಳೆಗಾಲದಲ್ಲಿ ಸೌದೆ ದುಪ್ಪಟ್ಟು ಬೇಕಾಗುತ್ತದೆ, ಏಕೆ?
– ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ಹಸಿ ಸೌದೆಯೇ ಮುಖ್ಯ ಕಾರಣ. ಸೌದೆಯಲ್ಲಿರುವ ಒಂದು ಲೀಟರ್ ನೀರನ್ನು ಆವಿಯಾಗಿಸಿ ಹೊಗೆಯ ಜೊತೆ ಕಳಿಸಲು ತಗಲುವ ಶಾಖದಲ್ಲಿ ಸುಮಾರು 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾಯುತ್ತಿತ್ತು. ಗೀಸರಿಗೆ ಹೇಳಿದ ಮಾತು ಹಂಡೆಗೆ ಹೊಂದುವುದಿಲ್ಲ: ಇಲ್ಲಿ ಬೆಂಕಿ ಹೊರಗಿದೆ, ಹಂಡೆ ತೆಗೆದುಕೊಳ್ಳದ ಶಾಖವೆಲ್ಲ ಹೊಗೆಯೊಡನೆ ಹೋಗಿಬಿಡುತ್ತದೆ. ಆದ್ದರಿಂದ ತಳದ ದಪ್ಪ ಮಸಿಯನ್ನು ಆಗಾಗ ಕೆರೆದು, ಒಳಗಿನ ಪೊರೆಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಒಲೆಯ ಬೂದಿಯನ್ನು ದಿನವೂ ತೆಗೆದು ಗಾಳಿಗೆ ದಾರಿ ಬಿಡಿರಿ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಗಳನ್ನು ಮೇ ತಿಂಗಳೊಳಗೆ ಕೊಟ್ಟಿಗೆಯ ಅಟ್ಟ ಸೇರಿಸಿ, ಮರುದಿನಕ್ಕೆ ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ಒಲೆಯ ಕಟ್ಟೆಯ ಮೇಲೆ ಬೆಂಕಿಗೆ ತಾಗದಷ್ಟು ದೂರದಲ್ಲಿ ಒಣಗಲು ಇಡಿರಿ.