ಮುಂಬೈ ಮಳೆಗಾಲದಲ್ಲಿ ಹಾಲ್‌ನ ಉಣ್ಣೆ ಕಾರ್ಪೆಟ್ ವಾಸನೆ ಬರುತ್ತಿದೆ. ಈಗಲೇ ತೊಳೆಯಲು ಕೊಡಬಹುದಾ?

ಜುಲೈ-ಆಗಸ್ಟ್‌ನಲ್ಲಿ ಆದಷ್ಟು ಬೇಡ. ಮುಂಬೈ ಪಕ್ಕದ ಡೊಂಬಿವಲಿಯ ಬಾಲ್ಕನಿಯಲ್ಲಿ ಆಗ ಟವೆಲ್ಲೇ ಸರಿಯಾಗಿ ಒಣಗುವುದಿಲ್ಲ. ಉಣ್ಣೆಯಂತೂ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡೂ ಕೈಗೆ ಒಣಗಿದಂತೆಯೇ ತಾಗುತ್ತದೆ.

ಮೊದಲು ಮಗುಚಿ ಬೆನ್ನು ನೋಡಿ. ಬಟ್ಟೆ ಅಂಟಿಸಿದ್ದರೆ ಅದು ಹೆಚ್ಚಾಗಿ ಟಫ್ಟೆಡ್, ಅಂದರೆ ಗಂಟು ಹಾಕದೆ ನೂಲನ್ನು ಬಟ್ಟೆಗೆ ಚುಚ್ಚಿ ಅಂಟಿನಿಂದ ಹಿಡಿಸಿದ್ದು. ಒಳಗಿನ ಲ್ಯಾಟೆಕ್ಸ್ ಅಂಟು ಹಳತಾಗಿ ಪುಡಿಯಾಗುತ್ತಿದ್ದರೆ ಬರುವ ರಬ್ಬರ್ ವಾಸನೆ ಎಷ್ಟು ತೊಳೆದರೂ ಹೋಗದು, ದುಡ್ಡು ದಂಡ. ಬೆನ್ನಲ್ಲೂ ಅದೇ ಚಿತ್ತಾರ, ಗಂಟುಗಳು ಕಂಡರೆ ಕೈನೇಯ್ಗೆ, ಅದನ್ನು ಕೊಡಬಹುದು.

ಕೊಡುವ ಮುನ್ನ ಒದ್ದೆ ಬಿಳಿ ಹತ್ತಿಬಟ್ಟೆಯನ್ನು ಕೆಂಪು, ಕಡುನೀಲಿ ಭಾಗಗಳ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಅಂಗಡಿಯವರಿಗೆ ಮೊದಲೇ ತೋರಿಸಿ. ನೀರು ಹಾಕುವ ಮೊದಲು ಬೆನ್ನು ಬಡಿದು ಧೂಳು ತೆಗೆಯುತ್ತಾರಾ ಕೇಳಿ. ಇಲ್ಲದಿದ್ದರೆ ಅದು ನಾರಿನ ಬುಡದಲ್ಲಿ ಕೆಸರಾಗಿ ಕೂರುತ್ತದೆ. ಉಣ್ಣೆಗೆಂದೇ ಇರುವ ಶಾಂಪೂ ಬೇಕು. ಮಾಮೂಲಿ ಬಟ್ಟೆ ಸೋಪಿನ ಪುಡಿ ಕ್ಷಾರ, ನಾರು ಒರಟಾಗುತ್ತದೆ, ಬಣ್ಣವೂ ಬಿಡಬಹುದು. ಒಣಗಿಸುವುದೆಲ್ಲಿ ಅಂದಾಗ "ಟೆರೇಸ್‌ನಲ್ಲಿ" ಎಂದರೆ ಮಳೆ ಮುಗಿಯುವ ತನಕ ಕಾಯಿರಿ.

ಅಲ್ಲಿಯವರೆಗೆ ವಾರಕ್ಕೊಮ್ಮೆ ಎರಡೂ ಬದಿ ವ್ಯಾಕ್ಯೂಮ್ ಮಾಡಿ (ಅಂಚಿನ ಕುಚ್ಚಿನ ಮೇಲೆ ತಿರುಗುವ ಬ್ರಷ್ ಬೇಡ), ಕುರ್ಚಿಗಳ ಮೇಲೆ ಎತ್ತಿ ಹಾಕಿ ಫ್ಯಾನ್ ಬಿಡಿ. ಎಸಿ ಇದ್ದರೆ ಡ್ರೈ ಮೋಡ್.